ಅಳತೆಗೆಂದು ಹಾಕಿದ ಬೆಲ್ಟು

ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದೇನೆ. ಅಳತೆ ಹಾಕಿ ನೋಡದೆ ಒಂದು ಬಟ್ಟೆಯನ್ನೂ ನನ್ನ ಅಂಗಡಿಯಿಂದ ಆಚೆ ಕಳಿಸಿದವಳಲ್ಲ. ಮುಹೂರ್ತಕ್ಕೆ ಇನ್ನೊಂದೇ ಗಂಟೆ ಇದೆ ಎಂದು ಹೆಣ್ಣಿನ ತಾಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದಾಗಲೂ, "ತೊಟ್ಟು ತೋರಿಸಿ, ಆಮೇಲೆ ತಗೊಂಡು ಹೋಗಿ" ಎಂದವಳು ನಾನು. ಎಣ್ಣೆ ಗಿರಣಿಯ ಪರಮೇಶಪ್ಪನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಂದರು. ಈ ಮಾತನ್ನು ನಾಲ್ಕು ಜನರ ಮುಂದೆ ಬೇಕಾದರೂ ಹೇಳುತ್ತೇನೆ, ಹೇಳಿಯೂ ಇದ್ದೇನೆ.

ಅವತ್ತು ಅವರ ಕೈಯಲ್ಲಿ ಒಂದು ಬೆತ್ತದ ಬುಟ್ಟಿ, ಬುಟ್ಟಿಯೊಳಗೆ ಬೆಣ್ಣೆ ಬಣ್ಣದ ಲ್ಯಾಬ್ರಡಾರ್ ಮರಿ. ಎರಡು ತಿಂಗಳದ್ದು. "ಅಂಗಡಿ ಬೆಲ್ಟು ಕತ್ತಿಗೆ ಒತ್ತುತ್ತಂತೆ ರುದ್ರಾಣಿ. ನೀನೊಂದು ಮೆತ್ತಗಿರೋದು ಹೊಲ್ಕೊಡು" ಎಂದರು. ನಾನು ಒಳಗಡೆ ಹಳೆಯ ಫ್ಲಾನಲ್ ಕೊಟ್ಟು, ಮೇಲೆ ನೀಲಿ ಕ್ಯಾನ್ವಾಸ್ ಇಟ್ಟು ಹೊಲಿದೆ. ಬೆಳೆಯುವ ಮಗುವಿನ ಲಂಗಕ್ಕೆ ಮಡಿಕೆ ಬಿಡುವುದಿಲ್ಲವೇ, ಹಾಗೆ ಇದಕ್ಕೂ ಉದ್ದ ಬಿಟ್ಟೆ. ಸ್ಕೂಲ್ ಬ್ಯಾಗಿನ ಪಟ್ಟಿಗಿರುವಂಥ ಜಾರುವ ಕಡ್ಡಿ ಸೇರಿಸಿ, ಬಕಲ್ ಬಿಚ್ಚದೆಯೇ ಸಡಿಲ ಮಾಡಿಕೊಳ್ಳುವ ಹಾಗೆ ಮಾಡಿದೆ. ಅಷ್ಟು ಹೊತ್ತೂ ಅವರು ಸ್ಟೂಲಿನ ಮೇಲೆ ಕೂತು ನಾನು ತರಿಸಿಕೊಟ್ಟ ಕಾಫಿ ಕುಡಿಯುತ್ತಿದ್ದರು.

"ಸರಿಯಾಗಿ ಕೂತ್ಕೊಳ್ಳುತ್ತಾ, ಒಂದ್ಸಲ ನೋಡಿಬಿಡು" ಎಂದರು.

ನೋಡಿದೆ. ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕತ್ತಿಗೆ ಸುತ್ತಿ, ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು, ಬಕಲ್ ಹಾಕಿದೆ. ಟಕ್ ಎಂದಿತು. ಪರಮೇಶಪ್ಪನವರು ಲೋಟ ಕೆಳಗಿಟ್ಟು ನಕ್ಕರು. ಅದೇ ಕ್ಷಣಕ್ಕೆ ನನ್ನ ಎಡಗಿವಿಯ ಹಿಂದೆ ಕಡಿತ ಶುರುವಾಯಿತು.

ನಮ್ಮೂರಿನಲ್ಲಿ ಬೆಲ್ಟು ಹಾಕಿದ ಕೈಯವರಿಗೇ ನಾಯಿಯ ಮೈ. ನಾಯಿಗೆ ತುರಿಸಿದರೆ ಅವರಿಗೂ ತುರಿಕೆ, ನಾಯಿ ಕುಂಟಿದರೆ ಅವರಿಗೂ ಕಾಲುನೋವು. ಇನ್ನೊಬ್ಬರ ಕೈ ಬೆಲ್ಟು ಹಾಕುವ ತನಕ ಬಿಡುಗಡೆ ಇಲ್ಲ. ಬೆಲ್ಟೇ ಇಲ್ಲದ ನಾಯಿಯನ್ನು ಪುರಸಭೆಯ ವ್ಯಾನು ಒಯ್ಯುತ್ತದೆ, ಒಯ್ದದ್ದು ವಾಪಸು ಬಂದದ್ದನ್ನು ಯಾರೂ ಕಂಡಿಲ್ಲ. ಅದಕ್ಕೇ ನಮ್ಮಲ್ಲಿ ತಾಯಂದಿರು ಮಕ್ಕಳಿಗೆ ಮೊದಲು ಹೇಳಿಕೊಡುವುದು ಬೆಂಕಿಯ ವಿಷಯ, ಎರಡನೆಯದು ಬಕಲ್ಲಿನ ವಿಷಯ. ನನಗೆ ಐವತ್ತನಾಲ್ಕು ವರ್ಷ. ಗೊತ್ತಿರಲಿಲ್ಲವೇ ಎಂದು ಕೇಳುತ್ತಾರೆ ಜನ. ಗೊತ್ತಿತ್ತು ಸ್ವಾಮಿ. ಆದರೆ ಆ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದದ್ದು ನಾಯಿಯಲ್ಲ, ನಾನು ಹೊಲಿದ ಮಾಲು. ಅಳತೆ ನೋಡದೆ ಹೇಗೆ ಬಿಡಲಿ?

ನಮ್ಮ ಬೀದಿಗಳಲ್ಲಿ ಒಮ್ಮೆ ಓಡಾಡಿ ನೋಡಿ. ಮೈ ಮಿರಮಿರ ಹೊಳೆಯುವ ನಾಯಿ ಕಂಡರೆ ಅದು ಸೈಕಲ್ ರಿಪೇರಿಯವನದೋ ಸೊಪ್ಪು ಮಾರುವವಳದೋ ಆಗಿರುತ್ತದೆ. ತಾವೇ ಬೆಲ್ಟು ಹಾಕಿದವರು ತಾವೇ ಉಣ್ಣಿ ಹೆಕ್ಕುತ್ತಾರೆ, ಹೆಕ್ಕದಿದ್ದರೆ ಅವರಿಗೇ ನಿದ್ದೆ ಇಲ್ಲ. ಕೂದಲು ಉದುರಿ, ಕಣ್ಣಲ್ಲಿ ಪಿಸುರು ಕಟ್ಟಿದ ನಾಯಿ ಕಂಡರೆ ಅದು ಯಾವುದೋ ದೊಡ್ಡ ಮನೆಯದು. ಅದರ ತುರಿಕೆ ಊರಿನ ಇನ್ನೊಂದು ಮೂಲೆಯ ಯಾವುದೋ ಸಣ್ಣ ಮನೆಯಲ್ಲಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ ಮಾಡಿದವರು ನಮ್ಮೂರಿನವರೇ ಇರಬೇಕು.

ಬೆಲ್ಟು ಹಾಕಿದವರಿಗೆ ದೊಡ್ಡ ಮನೆಯವರು ಏನಾದರೂ ಕಳಿಸುವ ಪದ್ಧತಿಯಿದೆ. ನನಗೆ ತಿಂಗಳಿಗೊಂದು ಲೀಟರ್ ಕಡಲೆಕಾಯಿ ಎಣ್ಣೆ ಬಂತು. ಒಂದು ಲೀಟರ್! ಮೊದಲ ತಿಂಗಳು ಮರಿಯ ಹೊಟ್ಟೆಯಲ್ಲಿ ಜಂತುಹುಳು, ನಾನು ಹೊಟ್ಟೆ ಹಿಡಿದುಕೊಂಡು ಮಿಷಿನ್ನಿನ ಮುಂದೆ ಮುದುಡಿ ಕೂತೆ. ಹಾಲುಹಲ್ಲು ಬೀಳುವ ಕಾಲಕ್ಕೆ ನನ್ನ ಒಸಡು ಎಷ್ಟು ನವೆಯಾಯಿತೆಂದರೆ ಅಳತೆ ಟೇಪಿನ ತುದಿಯನ್ನೇ ಜಗಿದುಬಿಟ್ಟೆ. ಆ ಟೇಪು ಈಗಲೂ ಮೂರನೇ ಇಂಚಿನಿಂದ ಶುರುವಾಗುತ್ತದೆ. ಹೈಸ್ಕೂಲಿನ ಟೀಚರ್ ಒಬ್ಬರ ತೋಳಿನ ಅಳತೆ ತೆಗೆಯುತ್ತ ನಡುನಡುವೆ ಕಿವಿ ಕೆರೆದುಕೊಳ್ಳುತ್ತಿದ್ದೆ. "ಯಾಕ್ರೀ ರುದ್ರಾಣಮ್ಮ, ತಲೇಲಿ ಹೇನಾ?" ಎಂದರು. "ಹೇನಲ್ಲ ಮೇಡಂ, ಸಾಹುಕಾರರು" ಎಂದೆ.

ಅದು ಎಂಥ ಬಾಳು ಬಾಳುತ್ತಿದೆ ನೋಡೋಣವೆಂದು ಒಂದು ದಿನ ಹೋದೆ. ಗಿರಣಿಯ ಹಿಂದಿನ ಅಂಗಳದಲ್ಲಿ ಟೈಲ್ಸ್ ಹಾಕಿಸಿದ ಗೂಡು, ಗೂಡಿನ ಮೇಲೆ 'ಪ್ರಿನ್ಸ್' ಎಂದು ಹಿತ್ತಾಳೆಯ ಬೋರ್ಡು. ನೀರಿನ ಬಟ್ಟಲು ಒಣಗಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಸರಪಳಿ ಎಷ್ಟು ಗಿಡ್ಡವೆಂದರೆ ನಾಯಿ ಎರಡು ಹೆಜ್ಜೆ ಹಾಕಿ ತಿರುಗಬೇಕು. ನನ್ನ ಮೊಣಕಾಲು ಬೆಳಗಾಗೆದ್ದರೆ ಮಡಚದೆ ಇರುವುದು ಯಾಕೆಂದು ಆಗ ತಿಳಿಯಿತು. ತಟ್ಟೆಯಲ್ಲಿ ಹಿಂದಿನ ದಿನದ ಈರುಳ್ಳಿ ಹುಳಿ ಕಲಸಿದ ಅನ್ನ, ಅದರ ಮೇಲೆ ಯಾವುದೋ ಮಗುವಿನ ಹುಟ್ಟುಹಬ್ಬದ ಚಾಕೊಲೇಟು ಕೇಕು.

ಪರಮೇಶಪ್ಪನವರ ಹೆಂಡತಿ ವಿಶಾಲಾಕ್ಷಮ್ಮ ಹಿಂಬಾಗಿಲಲ್ಲೇ ನಿಂತಿದ್ದರು. ಕೆಟ್ಟವರಲ್ಲ, ಪುಕ್ಕಲು. "ಮುಟ್ಟೋಕೇ ಭಯ ರುದ್ರಾಣಮ್ಮ. ಎಲ್ಲಾದ್ರೂ ಬಕಲ್ ಬಿಚ್ಕೊಂಡು, ಹಾಕೋ ಪಾಡು ನಮಗೆ ಬಂದ್ರೆ? ಅದಕ್ಕೇ ಬೆಲ್ಟು ಸಮೇತ ಪೈಪಲ್ಲಿ ನೀರು ಹೊಡೀತಾರೆ, ಅಷ್ಟೇ" ಎಂದರು. ನಾನು ಬೆಲ್ಟನ್ನು ಸ್ವಲ್ಪ ಸರಿಸಿ ನೋಡಿದೆ. ಒದ್ದೆ ಫ್ಲಾನಲ್ಲಿನ ಕೆಳಗೆ ಚರ್ಮ ಕೆಂಪಗೆ ಬೆಂದುಹೋಗಿತ್ತು. ನನ್ನ ಕತ್ತೂ ಹದಿನೈದು ದಿನದಿಂದ ಹಾಗೇ ಉರಿಯುತ್ತಿತ್ತು. ನಾಯಿ ನನ್ನ ಮುಂಗೈ ನೆಕ್ಕಿತು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

ಒಳಗೆ ಹೋಗಿ ಪೇಪರ್ ಓದುತ್ತಿದ್ದ ಪರಮೇಶಪ್ಪನವರ ಎದುರಿಗೆ ನಿಂತು ಹೇಳಿದೆ. ನಾಯಿಗೆ ಈರುಳ್ಳಿ ಕೊಡಬಾರದು, ಚಾಕೊಲೇಟು ವಿಷ. ದಿನಕ್ಕೆ ಎರಡು ಸಲ ನಡೆಸಬೇಕು. ಸ್ನಾನವಾದ ಮೇಲೆ ಬೆಲ್ಟಿನ ಕೆಳಗೂ ಕಿವಿಯ ಒಳಗೂ ಒರೆಸಬೇಕು. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಹಾಕಿಸಬೇಕು. ಅವರು ಪೇಪರ್ ಮಡಚದೆಯೇ ಕೇಳಿಸಿಕೊಂಡರು.

"ಅಷ್ಟೆಲ್ಲ ಗೊತ್ತಿದ್ರೆ ನೀನೇ ಬಂದು ಮಾಡು. ಬೇಡ ಅಂದೋರು ಯಾರು?"

"ಮತ್ತೆ ಖರ್ಚು?"

"ಎಣ್ಣೆ ಕಳಿಸ್ತಾ ಇದೀನಲ್ಲಮ್ಮ!"

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡುವವರು ಅವರು, ಉಣ್ಣುವವಳು ನಾನು. ಆದರೂ ಹೋದೆ, ಬೇರೆ ದಾರಿ ಏನಿತ್ತು? ಮೈ ನನ್ನದಲ್ಲವೇ! ದಿನಾ ಸಂಜೆ ಐದೂವರೆಗೆ ಅಂಗಡಿಯ ಬಾಗಿಲು ಎಳೆದುಕೊಂಡು ಗಿರಣಿಗೆ ನಡೆದೆ. ಕೈಚೀಲದಲ್ಲಿ ಹತ್ತಿ, ಹಣಿಗೆ, ಬೇಯಿಸಿದ ಮೊಟ್ಟೆ. ಉಣ್ಣಿಯನ್ನು ಬುಡದಲ್ಲೇ ಹಿಡಿದು ನೇರವಾಗಿ ಎಳೆಯಬೇಕು, ತಿರುಚಿದರೆ ಅದರ ಬಾಯಿ ಒಳಗೇ ಉಳಿದು ಕೀವಾಗುತ್ತದೆ. ಮೊದಮೊದಲು ನಾನು ಎಳೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಕುಂಯ್ ಎನ್ನುತ್ತಿದ್ದೆವು. ಪಶು ಆಸ್ಪತ್ರೆಯಲ್ಲಿ ನಾಯಿಗೆ ಸೂಜಿ ಚುಚ್ಚಿದರೆ ಬೆಂಚಿನ ಮೇಲೆ ಕೂತ ನಾನು ತೊಡೆ ಉಜ್ಜಿಕೊಂಡೆ. ಪ್ರಿನ್ಸ್ ಎಂದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಗುಂಡಾ ಎಂದೆ. ಎರಡೇ ದಿನಕ್ಕೆ ಆ ಹೆಸರಿಗೆ ಬಾಲ ಆಡಿಸತೊಡಗಿತು.

ಕತ್ತಿನ ಹುಣ್ಣು ಒಣಗಿತು, ಮೊಣಕಾಲು ಮಡಚಿತು. ಆದರೆ ಹೊಸದೊಂದು ರೋಗ ಹಿಡಿಯಿತು. ಐದೂವರೆ ಹತ್ತಿರ ಬರುತ್ತಿದ್ದಂತೆ ಎದೆ ಡವಡವ ಹೊಡೆದುಕೊಳ್ಳುವುದು, ಮೈಯೆಲ್ಲ ಜುಮ್ಮೆನ್ನುವುದು, ಪೆಡಲ್ ಮೇಲೆ ಕಾಲು ನಿಲ್ಲದೆ ಕುಣಿಯುವುದು. ಗಿರಣಿಯ ಗೇಟು ಸೇರುವ ಹೊತ್ತಿಗೆ ಎದೆ ಬಾಯಿಗೆ ಬಂದಿರುತ್ತಿತ್ತು. ಡಾಕ್ಟರಿಗೆ ತೋರಿಸಿದೆ. ಹಾರ್ಟಿಗೆ ಏನೂ ಆಗಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಪರಮೇಶಪ್ಪನವರ ಮೇಲಿನ ನನ್ನ ದೂರುಗಳಲ್ಲಿ ಅದನ್ನೂ ಸೇರಿಸಿಕೊಂಡೆ. ಯಾವ ಊಟದಲ್ಲಿ ಯಾವ ವಿಷ ಹಾಕುತ್ತಿದ್ದಾರೋ, ನಾಯಿಯ ಎದೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ಎದುರಿಗೇ ಅಂದೆ. ಅವರು ಹ್ಞೂಂ ಎಂದರು.

ಎಂಟನೇ ತಿಂಗಳಿಗೆ ಬೆಲ್ಟಿನ ಜಾರುವ ಕಡ್ಡಿ ಕೊನೆಗೆ ಬಂದು ನಿಂತಿತು. ನಾನು ಬಿಟ್ಟ ಉದ್ದವೆಲ್ಲ ಮುಗಿದಿತ್ತು, ನಾಯಿ ಬೆಳೆಯುತ್ತಲೇ ಇತ್ತು. ಎರಡು ಬೆರಳು ತೂರುವ ಜಾಗದಲ್ಲಿ ಒಂದು ಬೆರಳು, ಆಮೇಲೆ ಉಗುರು. ನನಗೆ ಮುದ್ದೆ ಇಳಿಯದಾಯಿತು, ಗಂಜಿಗೆ ಬಂದೆ. ಬೇರೆ ಬೆಲ್ಟು ಹಾಕಲೇಬೇಕು. ಆದರೆ ಯಾರ ಕೈ?

ಪುರಸಭೆಗೆ ಹೋಗಿ ಗುಮಾಸ್ತರ ಮುಂದೆ ನಿಂತೆ. ಅವರು ರಿಜಿಸ್ಟರ್ ತಿರುವಿ ನನ್ನ ಹೆಸರಿನ ಮೇಲೆ ಬೆರಳಿಟ್ಟರು. "ಹಾಕಿದೋರು ನೀವೇ ಅಲ್ವೇನ್ರೀ? ಯಾರಾದ್ರೂ ಕೈ ಹಿಡ್ಕೊಂಡು ಹಾಕಿಸಿದ್ರಾ?"

"ಅಳತೆ ನೋಡೋಕೆ ಹಾಕಿದ್ದು ಕಣ್ರೀ!"

"ಅಳತೆಗೆ ಅಂತ ಬೇರೆ ಕಾಲಂ ಇಲ್ಲಮ್ಮ."

ಪರಮೇಶಪ್ಪನವರಂತೂ ಇನ್ನೂ ಸುಲಭ ಮಾಡಿದರು. "ಹೊಸದು ಹೊಲಿ, ಹಳೇದು ಬಿಚ್ಚು, ನೀನೇ ಹಾಕು. ಇದರಲ್ಲೇನು ಕಷ್ಟ?" ಕಷ್ಟವೇನೆಂದು ಆ ಮನುಷ್ಯನಿಗೆ ಹೇಗೆ ಹೇಳುವುದು? ನಾಯಿಗೆ ಹನ್ನೆರಡು ವರ್ಷ ಆಯಸ್ಸು. ಕುದುರೆಗಾಡಿಯ ಮಾದಯ್ಯನ ನಾಯಿ ಸಾಯುವಾಗ ಮಾದಯ್ಯ ಮೂರು ದಿನ ಚಾಪೆ ಬಿಟ್ಟು ಏಳಲಿಲ್ಲ. ಆದರೆ ಅದು ಅವನದೇ ನಾಯಿ, ಅವನ ಮಂಚದ ಕೆಳಗೇ ಮಲಗುತ್ತಿದ್ದ ನಾಯಿ. ನನ್ನ ಕಾಲೇ ನನ್ನ ಅನ್ನ. ಮಿಷಿನ್ ತುಳಿಯುವ ಕಾಲನ್ನು ಇನ್ನೊಬ್ಬರ ಸರಪಳಿಗೆ ಹನ್ನೆರಡು ವರ್ಷ ಬರೆದುಕೊಡಲೇ? ಬೆಲ್ಟು ಬಿಚ್ಚಿ ಸುಮ್ಮನೆ ಬಂದುಬಿಡು ಎಂದವರೂ ಇದ್ದರು. ವ್ಯಾನು ಬರುತ್ತದಲ್ಲ! ಗುಂಡನನ್ನು ವ್ಯಾನಿಗೆ ಕೊಡಲು ನನ್ನದೇನು ಕಲ್ಲಿನ ಮನಸ್ಸೇ?

ಆ ತಿಂಗಳ ಕೊನೆಗೆ ಪುರಸಭೆಯ ಶ್ವಾನ ಪ್ರದರ್ಶನವಿತ್ತು. ಪರಮೇಶಪ್ಪನವರಿಗೆ ಅದರ ಬೆಳ್ಳಿ ಕಪ್ಪಿನ ಮೇಲೆ ಬಹಳ ದಿನದಿಂದ ಕಣ್ಣು. "ನಿನ್ನ ಮಾತು ಕೇಳುತ್ತಲ್ಲ, ನಾಲ್ಕು ಆಟ ಕಲಿಸು. ಹೊಸ ಬೆಲ್ಟೂ ಅವತ್ತಿಗೇ ಇರಲಿ, ಜರಿ ಗಿರಿ ಹಾಕಿ ಜೋರಾಗಿ ಹೊಲಿ" ಎಂದರು. ಆಗಲಿ ಎಂದೆ. ಅಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗಾದರೂ ಅನುಮಾನ ಬರಬೇಕಿತ್ತು, ಬರಲಿಲ್ಲ.

ನಾಯಿಗೆ ಕಲಿಸುವುದು ಕೈಹೊಲಿಗೆ ಕಲಿಸಿದ ಹಾಗೆ. ಒಂದು ಸಲಕ್ಕೆ ಒಂದೇ, ದಿನಾ ಅದೇ ಹೊತ್ತು, ಅದೇ ಮಾತು, ಅದೇ ದನಿ. ಸರಿಯಾಗಿ ಮಾಡಿದ ತಕ್ಷಣ ಮೊಟ್ಟೆಯ ಚೂರು ಬಾಯಿಗೆ ಬೀಳಬೇಕು, ಅರೆಗಳಿಗೆ ತಡವಾದರೆ ಯಾವುದಕ್ಕೆ ಕೊಟ್ಟದ್ದೆಂದು ಅದಕ್ಕೆ ತಿಳಿಯುವುದಿಲ್ಲ. ಹೊಡೆದರೆ ಹೆದರಿಕೆ ಕಲಿಯುತ್ತದೆ, ಪಾಠ ಕಲಿಯುವುದಿಲ್ಲ. ಕೂರುವುದು, ಕಾಯುವುದು, ಕೈ ಕೊಡುವುದು ಒಂದು ವಾರದಲ್ಲಿ ಬಂತು. ಆಮೇಲೆ ಯಾರೂ ಇಲ್ಲದ ಗೋದಾಮಿನ ಹಿಂದೆ ಇನ್ನೊಂದು ಆಟ ಕಲಿಸಿದೆ. ನಾನು ಜಗಿದು ಹಾಳು ಮಾಡಿದ ಆ ಅಳತೆ ಟೇಪನ್ನು ಅದರ ಬಾಯಿಗೆ ಕೊಡುವುದು. "ಕೊಡು" ಎಂದರೆ ಅದು ಬಂದು ಕೂತವರ ತೊಡೆಯ ಮೇಲೆ ಟೇಪನ್ನಿಟ್ಟು, ಗದ್ದ ಮೇಲೆತ್ತಿ, ಕತ್ತು ಮುಂದೆ ಚಾಚಿ, ಸುತ್ತುವ ತನಕ ಕದಲದೆ ನಿಲ್ಲುವುದು. ಟೇಪಿಗೆ ಬಕಲ್ ಇಲ್ಲ, ಹಾಗಾಗಿ ಭಯವಿಲ್ಲ. ಹದಿನೆಂಟು ದಿನ ಅದು ನನ್ನ ತೊಡೆಯ ಮೇಲೆ ಟೇಪಿಟ್ಟಿತು, ಹದಿನೆಂಟು ದಿನ ನಾನು ಅದರ ಕತ್ತಿಗೆ ಸುತ್ತಿದೆ.

ಪ್ರದರ್ಶನದ ದಿನ ಶಾಲೆಯ ಮೈದಾನದಲ್ಲಿ ಊರೇ ಸೇರಿತ್ತು. ಪರಮೇಶಪ್ಪನವರು ಗಂಜಿ ಹಾಕಿದ ಬಿಳಿ ಪಂಚೆಯುಟ್ಟು ಮೊದಲ ಸಾಲಿನಲ್ಲಿ, ಪುರಸಭೆ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಗುಂಡ ಕೂತ, ಕಾದ, ಅಧ್ಯಕ್ಷೆಗೆ ಕೈ ಕೊಟ್ಟ. ಚಪ್ಪಾಳೆ ಬಿತ್ತು. "ಇನ್ನೊಂದಿದೆ" ಎಂದು ನಾನು ಮೈದಾನದ ನಡುವೆ ಮಂಡಿಯೂರಿ, ಹಳೆಯ ನೀಲಿ ಬೆಲ್ಟಿನ ಬಕಲ್ ಬಿಚ್ಚಿದೆ. ಎಂಟು ತಿಂಗಳಿಂದ ಯಾರೂ ಮುಟ್ಟದ ಬಕಲ್ ಅದು. ಕೆಂಪು ಮಖಮಲ್ಲಿಗೆ ಜರಿ ಅಂಚು ಕೊಟ್ಟ ಹೊಸ ಬೆಲ್ಟನ್ನು ಗುಂಡನ ಬಾಯಿಗೆ ಕೊಟ್ಟು, "ಕೊಡು" ಎಂದೆ.

ಗುಂಡ ತಿರುಗಿ ನನ್ನ ತೊಡೆಯ ಮೇಲೆ ಇಟ್ಟ.

ಇಟ್ಟು, ಗದ್ದ ಎತ್ತಿ, ಕತ್ತು ಚಾಚಿ, ಕಣ್ಣು ಮುಚ್ಚಿ ನಿಂತ. ಹದಿನೆಂಟು ದಿನ ಕಲಿಸಿದವಳು ನಾನೇ ತಾನೆ! ಬೇರೆ ಯಾರ ತೊಡೆಯನ್ನು ಅದು ಕಂಡಿದೆ? ಜನ ನಕ್ಕರು. ಪರಮೇಶಪ್ಪನವರೂ ನಕ್ಕರು, ಗಟ್ಟಿಯಾಗಿ. ನನ್ನ ಕೈ ಬೆಲ್ಟಿನ ಮೇಲೆ ಹೋಯಿತು. ಸುಳ್ಳು ಹೇಳುವುದಿಲ್ಲ, ಬಕಲ್ಲಿನ ಎರಡೂ ತುದಿ ಬೆರಳಿಗೆ ಬಂದಿದ್ದವು. ಆಗ ಆ ನಗು ಕಿವಿಗೆ ಬಿತ್ತು, ಲೋಟ ಕೆಳಗಿಟ್ಟು ನಕ್ಕಿದ್ದರಲ್ಲ, ಅದೇ ನಗು. ಬೆಲ್ಟನ್ನು ಮತ್ತೆ ಗುಂಡನ ಬಾಯಿಗಿಟ್ಟು, ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕಡೆ ತಿರುಗಿಸಿದೆ. "ಇಲ್ಲಲ್ಲ ಗುಂಡಾ. ಅಲ್ಲಿ ಕೊಡು."

ಅದು ನನ್ನನ್ನು ಒಂದು ಸಲ ನೋಡಿ, ಹೋಯಿತು. ಬಿಳಿ ಪಂಚೆಯ ಮೇಲೆ ಕೆಂಪು ಬೆಲ್ಟು ಇಟ್ಟು, ಗದ್ದ ಎತ್ತಿ ನಿಂತಿತು. ಯಾರೂ ನಗಲಿಲ್ಲ. ಪರಮೇಶಪ್ಪನವರು ಅತ್ತ ನೋಡಿದರು, ಇತ್ತ ನೋಡಿದರು. ಮೈದಾನದ ಅಂಚಿನಲ್ಲಿ ಪುರಸಭೆಯ ವ್ಯಾನು ನಿಂತಿತ್ತು. "ಏನ್ರೀ ಸಾಹುಕಾರ್ರೇ, ನಿಮ್ಮ ನಾಯಿ ತಾನೆ?" ಎಂದರು ಅಧ್ಯಕ್ಷೆ. ಹಿಂದಿನಿಂದ ಯಾರೋ, "ಅಳತೆ ನೋಡಿಬಿಡಿ ಸ್ವಾಮಿ!" ಎಂದು ಕೂಗಿದರು. ನಾನಲ್ಲ, ದೇವರಾಣೆ ನಾನಲ್ಲ.

ಟಕ್ ಎಂದಿತು. ಪರಮೇಶಪ್ಪನವರ ಕೈ ಕುರ್ಚಿಯಿಂದ ತಾನಾಗಿ ಎದ್ದು ಎಡಗಿವಿಯ ಹಿಂದಕ್ಕೆ ಹೋಯಿತು. ಕಪ್ಪೂ ಸಿಕ್ಕಿತು ಅವರಿಗೆ.

ಅವತ್ತು ಮನೆಗೆ ಬಂದು ಎರಡು ಮುದ್ದೆ ಉಂಡೆ. ಮರುದಿನದಿಂದ ದಿನಕ್ಕೆ ಆರು ಬ್ಲೌಸು ಹೊಲಿದೆ. ಕತ್ತು ಹಗುರ, ಕಾಲು ಹಗುರ, ಕಿವಿ ತಣ್ಣಗೆ. ಐದೂವರೆಯ ಎದೆ ಬಡಿತವೂ ನಿಂತುಹೋಯಿತು. ಪೀಡೆ ತೊಲಗಿತು ಎಂದು ಮಾತ್ರೆಯ ಚೀಟಿ ಹರಿದು ಎಸೆದೆ. ಇನ್ನು ಅವರ ನಾಯಿ, ಅವರ ಪಾಡು. ಆ ಕಡೆ ತಲೆ ಹಾಕಬಾರದೆಂದು ಮೂರು ವಾರ ಹಟ ಹಿಡಿದೆ. ಆದರೆ ಐದೂವರೆ ಆದಾಗ ಮಿಷಿನ್ ನಿಲ್ಲಿಸಿ ಕೂತುಬಿಡುತ್ತಿದ್ದೆ. ಯಾಕೆಂದು ಗೊತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ, ಅಷ್ಟೇ.

ನಾಲ್ಕನೇ ವಾರ ಒಂದು ಸಂಜೆ ವಿಶಾಲಾಕ್ಷಮ್ಮ ಬ್ಲೌಸ್ ಪೀಸ್ ಹಿಡಿದುಕೊಂಡು ಅಂಗಡಿಗೆ ಬಂದರು. "ಸರಪಳಿ ತೆಗೆಸಿಬಿಟ್ಟಿದ್ದಾರೆ ರುದ್ರಾಣಮ್ಮ. ಬೆಳಿಗ್ಗೆ ಎದ್ದು ತಾವೇ ವಾಕಿಂಗ್ ಕರ್ಕೊಂಡು ಹೋಗ್ತಾರೆ, ಕಿವಿ ಒರೆಸ್ತಾರೆ, ಅದರ ಅನ್ನಕ್ಕೆ ಉಪ್ಪು ಬಿದ್ದಿದ್ಯಾ ಅಂತ ಅಡುಗೆಮನೆಗೆ ಬಂದು ನೋಡ್ತಾರೆ" ಎಂದರು. ಆಗಲಿ, ಬುದ್ಧಿ ಬಂತಲ್ಲ ಎಂದುಕೊಂಡೆ. ಅವರು ದನಿ ತಗ್ಗಿಸಿದರು. "ಆದ್ರೆ ಸಂಜೆ ಒಂಥರಾ ಆಡ್ತಾರೆ ಕಣ್ರೀ. ಐದೂವರೆ ಆಯ್ತು ಅಂದ್ರೆ ಎದೆ ಡವಡವ ಅನ್ನುತ್ತೆ ಅಂತ ಗೇಟಿನ ಹತ್ರ ಹೋಗಿ ನಿಂತ್ಕೋತಾರೆ. ಆರೂವರೆ ತನಕ ನಿಂತು, ಎದೆ ಮೇಲೆ ಚಪ್ಪಡಿ ಎಳೆದಂಗಾಯ್ತು ಅಂತ ಬಂದು ಮಲಗಿಬಿಡ್ತಾರೆ. ಊಟಾನೂ ಬೇಡ. ಡಾಕ್ಟ್ರು ಹಾರ್ಟಿಗೆ ಏನೂ ಇಲ್ಲ ಅಂತಾರೆ."

ನಾನು ಕತ್ತರಿ ಕೆಳಗಿಟ್ಟೆ. ಎಂಥ ಹೆಡ್ಡಿ ನಾನು! ನಾಯಿಯ ತುರಿಕೆ ಬರುತ್ತದೆ, ನೋವು ಬರುತ್ತದೆ, ಸಾವು ಬರುತ್ತದೆ ಎಂದು ಊರೆಲ್ಲ ಹೇಳಿಕೊಟ್ಟಿತ್ತು. ಇನ್ನೊಂದೂ ಬರುತ್ತದೆಂದು ಯಾವ ತಾಯಿಯೂ ಹೇಳಿಕೊಡಲಿಲ್ಲ. ನಾನು ಬರುವ ಹೊತ್ತಾಯಿತೆಂದು ಅದರ ಎದೆ ಕುಣಿದದ್ದಕ್ಕೆ ನಾನು ಮಾತ್ರೆ ನುಂಗಿದ್ದೆ.

ಅಂಗಡಿಗೆ ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಗಿರಣಿಯ ತಿರುವಿಗೆ ಬರುವಷ್ಟರಲ್ಲಿ ಗುಂಡ ನನ್ನನ್ನು ಕಂಡು ಗೇಟಿನ ಮೇಲೆ ಕಾಲಿಟ್ಟು ಬೊಗಳಿತು. ನನ್ನ ಎದೆ ದಾರಿ ನಡೆದದ್ದಕ್ಕೆ ಎಷ್ಟು ಹೊಡೆದುಕೊಳ್ಳಬೇಕೋ ಅಷ್ಟೇ ಹೊಡೆದುಕೊಳ್ಳುತ್ತಿತ್ತು. ಅದರ ಪಕ್ಕದಲ್ಲಿ ಪರಮೇಶಪ್ಪನವರು ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದು ನಿಂತಿದ್ದರು. ಅವರ ಮುಖ ಹಾಗೆ ಅರಳಿದ್ದನ್ನು ಈ ಊರಿನಲ್ಲಿ ಯಾರೂ ಕಂಡಿರಲಾರರು.

"ಬಂದ್ರಾ ರುದ್ರಾಣಮ್ಮ! ಬನ್ನಿ ಬನ್ನಿ!" ಎಂದು ಗೇಟು ತೆರೆದರು. ಮೂವತ್ತೊಂದು ವರ್ಷ ನೀನು ಎಂದ ಬಾಯಿ. "ನಂಗೇನಾಗ್ತಿದೆ ಅಂತ್ಲೇ ಗೊತ್ತಾಗ್ತಿಲ್ಲ ಕಣ್ರೀ, ನಿಮ್ಮನ್ನ ಕಂಡ್ರೆ..." ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರಿತ್ತು.

"ನಗಬೇಡಿ! ಅದು ನಂದು!" ಎಂದು ಕಿರುಚಿದೆ. "ಬಿಚ್ಚಿ ಆ ಬೆಲ್ಟನ್ನ. ನಾನೇ ಹಾಕ್ತೀನಿ."

ಅವರು ನಗುತ್ತಲೇ ತಲೆ ಅಲ್ಲಾಡಿಸಿದರು. ಬಗ್ಗಿ ಗುಂಡನ ಕತ್ತಿನ ಬಕಲ್ಲಿನ ಮೇಲೆ ಅಂಗೈ ಮುಚ್ಚಿದರು. "ತುರಿಕೆ ಇರಲಿ, ಮಂಡಿನೋವು ಇರಲಿ, ಸಾಯೋವಾಗ ಏನಾಗುತ್ತೋ ಅದೂ ಇರಲಿ ರುದ್ರಾಣಮ್ಮ. ಇದನ್ನ ಮಾತ್ರ ಕೊಡಲ್ಲ. ನೀವು ದಿನಾ ಬನ್ನಿ, ಅಷ್ಟು ಸಾಕು."

ನೋವಿದ್ದಾಗ ನನ್ನ ಕೈಗೆ ಕಟ್ಟಿದರು, ಸಂತೋಷ ಬಂದಾಗ ತಮ್ಮ ಕೈ ಮುಚ್ಚಿದರು. ಇಂಥವರು ಉದ್ಧಾರವಾಗುತ್ತಾರೆಯೇ? ಬಾಯಿಗೆ ಬಂದಂತೆ ಬೈದೆ. ಮೊದಲ ದಿನದ ಕಾಫಿಯಿಂದ ಹಿಡಿದು ತಿಂಗಳ ಎಣ್ಣೆಯ ತನಕ ಎಲ್ಲ ಬೈದೆ. ಅವರು ನಗುಮುಖದಲ್ಲೇ ಕೇಳಿಸಿಕೊಂಡರು. ಪಾಪ, ಬೇರೆ ಮುಖ ಮಾಡಲು ಅವರ ಕೈಯಲ್ಲಿರಲಿಲ್ಲ, ಗುಂಡ ನನ್ನ ಕಾಲಿನ ಸುತ್ತ ಸುತ್ತುತ್ತಿದ್ದ.

ಈಗಲೂ ಐದೂವರೆಗೆ ಹೋಗುತ್ತೇನೆ. ಗೇಟಿನೊಳಗೆ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಗುಂಡ ನನ್ನ ಕೈಚೀಲಕ್ಕೆ ಬಾಯಿ ಹಾಕಿ ಆ ಜಗಿದ ಟೇಪನ್ನು ಹುಡುಕಿ ತೆಗೆದು, ನನ್ನ ತೊಡೆಯ ಮೇಲಿಟ್ಟು, ಗದ್ದ ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತದೆ. ನಾನು ಸುತ್ತಿ, ಅಳತೆ ನೋಡಿ, ಬಿಚ್ಚುತ್ತೇನೆ. ಆಚೆ ಸಾಹುಕಾರರು ಕುರ್ಚಿಯಲ್ಲಿ ಕೂತು, ಎದೆ ಹಿಡಿದುಕೊಂಡು, ನನ್ನ ಸಂತೋಷವನ್ನು ಪೂರ್ತಿ ಅನುಭವಿಸುತ್ತಿರುತ್ತಾರೆ.